ತೋಲಾರನ ಎತ್ತಿದ ಹಿಮ್ಮಡಿ

೧೯೬೭ನೆಯ ಇಸವಿಯ ನವೆಂಬರ್ ೨೧, ಮಂಗಳವಾರ. ಕಾರ್ತಿಕ ಬಹುಳದ ಮೊದಲ ದಿನಗಳು. ಶರದೃತು ಮುಗಿಯುತ್ತ ಬಂದಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಬೆಳಗಿನ ಒಣಗಾಳಿ ತುಟಿ ಒಡೆಯುವಷ್ಟು ಚುರುಕಾಗಿತ್ತು. ಇದೆಲ್ಲ ನಡೆದದ್ದು ಡಿಸೆಂಬರಿನಲ್ಲಿ ಎಂದು ಹೇಳುವವರು ಹುಮನಾಬಾದಿನಲ್ಲಿ ಕೆಲವರಿದ್ದಾರೆ. ಅದು ತಪ್ಪು. ಡಿಸೆಂಬರ್ ಹುಟ್ಟುವಷ್ಟರಲ್ಲಿ ಮಹಾರುದ್ರಪ್ಪನ ಕಾಲಿಗೆ ಆಗಬೇಕಾದದ್ದೆಲ್ಲ ಆಗಿಹೋಗಿತ್ತು.

ಆ ಬೆಳಿಗ್ಗೆ ಮಹಾರುದ್ರಪ್ಪ ಹುಮನಾಬಾದಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು, ತನ್ನ ಮೂವತ್ತೊಂಬತ್ತು ವರ್ಷದ ಆಯುಷ್ಯದಲ್ಲಿ ಮೊದಲ ಸಲ ಬೂಟು ಹಾಕಿಕೊಳ್ಳುತ್ತಿದ್ದ. ಬೂಟು ಅವನದಲ್ಲ, ನೆರೆಮನೆಯ ಗುಲಾಮ್ ರಸೂಲನದು. ಗುಲಾಮ್ ರಸೂಲ್ ನಿಜಾಮನ ಕಾಲದಲ್ಲಿ ಪೊಲೀಸ್ ಜವಾನನಾಗಿ ಸೇರಿ, ಮೂರು ಸರ್ಕಾರಗಳ ಸಂಬಳ ಉಂಡು ನಿವೃತ್ತನಾದವನು. ನೌಕರಿಯಿಂದ ಅವನು ಉಳಿಸಿಕೊಂಡು ಬಂದದ್ದು ಎರಡೇ: ಒಂದು ದಪ್ಪ ಮೀಸೆ, ಒಂದು ಜೊತೆ ಎತ್ತರ ಹಿಮ್ಮಡಿಯ ಕರಿ ಬೂಟು.

"ಜರಾ ಜೋರ್ ಹಚ್ಚಿ ತುರುಕಪಾ ಮಹಾರುದ್ರಾ. ಬೂಟ್ ಅದ ಇದು, ಅತ್ತಿ ಮನಿ ಬಾಗಿಲಲ್ಲ ನಾಚಿಗೊಳ್ಳಾಕ," ಎಂದ ಗುಲಾಮ್ ರಸೂಲ್.

"ಒಳಗ ಹೋಗಲೊಲ್ಲದು ಸಾಯಬ. ನೋವು ನೆತ್ತಿ ತನಕಾ ಹತ್ತಾಕತ್ತದ," ಎಂದ ಮಹಾರುದ್ರಪ್ಪ.

"ಹತ್ತಲಿ. ಬರಿಗಾಲಿಂದ ಹೋದ್ರ ದವಾಖಾನಿ ಕಂಪೌಂಡರ್ ಏನಂತಾನ ಗೊತ್ತದೇನು? ‘ಏ, ಅಲ್ಲಿ ಗ್ವಾಡಿಗೆ ಕೂಡು’ ಅಂತಾನ. ಬೂಟ್ ಕಂಡ ಅಂದ್ರ, ‘ಬರ್ರಿ, ಬಾಕಿನ ಮ್ಯಾಲ ಕೂಡ್ರಿ’ ಅಂತಾನ. ಪೊಲೀಸಿನಾಗ ಜನ್ಮ ಕಳದೀನಿ. ಮಂದಿ ಮೊದಲ ನೋಡೋದು ಮುಖ ಅಲ್ಲ ತಿಳ್ಕೊ."

ಮಹಾರುದ್ರಪ್ಪನ ಹೆಂಡತಿ ಸೂಗಮ್ಮ ಬುತ್ತಿಯ ಗಂಟನ್ನು ಬಗಲಲ್ಲಿ ಇರುಕಿಕೊಂಡು ಇದನ್ನು ನೋಡುತ್ತಿದ್ದಳು. "ಡಾಕ್ಟರ್ ಕೊಯ್ಯೋದು ಕಾಲೋ ಬೂಟೋ?" ಎಂದು ಕೇಳಿದಳು. ಅಷ್ಟರಲ್ಲಿ ಕಲ್ಯಾಣದ ಬಸ್ಸು ಬಂತು.

ಮಹಾರುದ್ರಪ್ಪ ರಾಜೇಶ್ವರದಲ್ಲಿ ಹುಟ್ಟಿದವನು. ಹುಮನಾಬಾದಿನ ಕಾಳಿನ ಪೇಟೆಯಲ್ಲಿ ನಾಗನಾಥ ಸಾವುಕಾರರ ಅಡತಿ ಅಂಗಡಿಯ, ಅಂದರೆ ದಲಾಲಿ ಅಂಗಡಿಯ, ತೋಲಾರ. ತೋಲಾರನೆಂದರೆ ರೈತರು ತಂದು ಸುರಿದ ಕಾಳನ್ನು ತಕ್ಕಡಿಯಲ್ಲಿ ತೂಗುವವನು. ಅವನು ಆ ಕೆಲಸಕ್ಕೆ ನಿಂತದ್ದು ೧೯೫೬ನೆಯ ಇಸವಿ ನವೆಂಬರ್ ೧, ಗುರುವಾರ. ಅದೇ ದಿನ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಎರಡರಲ್ಲಿ ದೊಡ್ಡ ಸಂಗತಿ ಯಾವುದೆಂದು ಯಾರಾದರೂ ಕೇಳಿದ್ದರೆ ಮಹಾರುದ್ರಪ್ಪ ಯೋಚಿಸದೆ ಉತ್ತರ ಕೊಡುತ್ತಿದ್ದ.

ಪೇಟೆಯಲ್ಲಿ ತೋಲಾರನ ಸ್ಥಾನ ಸಣ್ಣದಲ್ಲ. ತೊಗರಿಯ ರಾಶಿ, ಬಿಳಿಜೋಳದ ರಾಶಿ, ಕಡಲೆಯ ರಾಶಿ. ಅವುಗಳ ಮೇಲೆ ಮೂರು ಕಾಲಿನ ಮರದ ಚೌಕಟ್ಟು. ಅದಕ್ಕೆ ತೂಗುಬಿದ್ದ ತಕ್ಕಡಿ. ತೋಲಾರ ರಾಶಿಯ ಮೈಮೇಲೆ ಹತ್ತಿ ನಿಂತು ತೂಗಬೇಕು. ತೂಗುತ್ತ ಹಾಡಿನಂಥ ದನಿಯಲ್ಲಿ ಎಣಿಕೆ ಕೂಗಬೇಕು. ‘ಒಂದು’ ಎನ್ನುವ ಹಾಗಿಲ್ಲ. ಮೊದಲನೆಯ ತೂಕಕ್ಕೆ ‘ಲಾಭ’ ಎನ್ನಬೇಕು. ರಾಶಿಯ ಮೇಲೆ ಕಾಲಿಡುವವನು ಕಾಲು ತೊಳೆದು ಬರಿಗಾಲಲ್ಲಿ ಬರಬೇಕು. ಉಣ್ಣುವ ಕಾಳಿನ ಮೇಲೆ ಚರ್ಮದ ಮೆಟ್ಟು ಸೋಂಕಬಾರದು. ಈ ನಿಯಮವನ್ನು ಯಾರೂ ಬರೆದಿರಲಿಲ್ಲ. ಆದ್ದರಿಂದಲೇ ಯಾರೂ ಮೀರಿರಲಿಲ್ಲ. ಬರೆದಿರದ ಇನ್ನೊಂದು ನಿಯಮವೂ ಇತ್ತು. ತಕ್ಕಡಿಯ ದಂಡಿಗೆ ತೋಲಾರನ ಹೆಬ್ಬೆರಳು ಅಕಸ್ಮಾತ್ತಾಗಿ ತಗಲಬೇಕು, ಮತ್ತು ಆ ಅಕಸ್ಮಾತ್ತು ಯಾವಾಗಲೂ ಸಾವುಕಾರರ ಕಡೆಗೇ ವಾಲಬೇಕು. ಮಹಾರುದ್ರಪ್ಪ ಎರಡೂ ನಿಯಮಗಳನ್ನು ಸಮಾನ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದ.

೧೯೬೧ನೆಯ ಇಸವಿ ಫೆಬ್ರವರಿ ೧೪, ಶಿವರಾತ್ರಿಯ ಮರುದಿನ, ಲಾರಿಯ ಮೇಲಿಂದ ತೊಗರಿಯ ಚೀಲವೊಂದು ಜಾರಿ ಅವನ ಬಲಗಾಲಿನ ಮೇಲೆ ಬಿತ್ತು. ನಾಟಿ ವೈದ್ಯನೊಬ್ಬ ಬಿದಿರಿನ ದಬ್ಬೆ ಕಟ್ಟಿದ. ಎಲುಬು ಕೂಡಿತು, ಆದರೆ ಪಾದದ ಕೀಲು ಕೆಟ್ಟಿತು. ಆರು ವರ್ಷ ಪ್ರತಿ ಹೆಜ್ಜೆಗೂ ಕೀಲಿನೊಳಗೆ ಮರಳು ಅರೆದ ಹಾಗಾಗುತ್ತಿತ್ತು. ರಾಶಿ ಹತ್ತುವಾಗ ಅವನ ಮುಖ ಕಿವುಚುವುದನ್ನು ನಾಗನಾಥ ಸಾವುಕಾರರು ನೋಡಿದರು. "ಕಾಲು ಸರಿ ಮಾಡ್ಕೊಂಡ ಬಾ. ಇಲ್ಲಾಂದ್ರ ಬಾಗಿಲದಾಗ ಕೂತು ಚೀಲ ಹೊಲಿ," ಎಂದರು. ರಾಶಿಯ ಮೇಲೆ ನಿಂತು ‘ಲಾಭ’ ಎಂದು ಕೂಗಿದವನಿಗೆ ಬಾಗಿಲಲ್ಲಿ ಕುಳಿತು ಗೋಣಿ ಹೊಲಿಯುವುದೆಂದರೆ ಬದುಕಿರುವಾಗಲೇ ತನ್ನ ತಿಥಿಯ ಊಟ ಬಡಿಸಿದ ಹಾಗೆ. ಅವನು ಕಲ್ಯಾಣಕ್ಕೆ ಹೊರಟದ್ದು ಆ ಕಾರಣಕ್ಕೆ.

ಕಲ್ಯಾಣದ ಆ ಧರ್ಮಾರ್ಥ ದವಾಖಾನೆಯನ್ನು ಬಟ್ಟೆ ವ್ಯಾಪಾರಿಯೊಬ್ಬ ತನ್ನ ತಾಯಿಯ ನೆನಪಿಗೆ ಕಟ್ಟಿಸಿದ್ದ. ಕಟ್ಟಡದ ಮೇಲಿದ್ದ ತಾಯಿಯ ಹೆಸರು ಕಟ್ಟಡದೊಳಗಿನ ಎಲ್ಲ ಸಾಮಾನುಗಳಿಗಿಂತ ದೊಡ್ಡದಾಗಿತ್ತು. ಎಕ್ಸ್‌ರೇ ಯಂತ್ರವಿತ್ತು, ವಿದ್ಯುತ್ತು ಇದ್ದ ದಿನ ಫಿಲ್ಮು ಇರುತ್ತಿರಲಿಲ್ಲ, ಫಿಲ್ಮು ಬಂದ ದಿನ ವಿದ್ಯುತ್ತು ಇರುತ್ತಿರಲಿಲ್ಲ. ಶಸ್ತ್ರಕ್ರಿಯೆಯ ಕೋಣೆಗೆ ಪೂರ್ವದ ಕಿಟಕಿಯೇ ದೀಪ; ಹೀಗಾಗಿ ಎಲುಬಿನ ಕೆಲಸವೆಲ್ಲ ಮಧ್ಯಾಹ್ನದೊಳಗೆ. ಎಲುಬು ಕೊರೆಯಲು ಬಡಿಗನ ಕೈ ಬೈರಿಗೆ. ಅದನ್ನು ಕೊಂಡ ದಿನದಿಂದ ಕಟ್ಟಿಗೆಗೆ ಮುಟ್ಟಿಸಿಲ್ಲವೆಂಬುದು ದವಾಖಾನೆಯ ಹೆಮ್ಮೆ. ಕೊಯ್ದ ಎಲುಬುಗಳು ಒಂದಕ್ಕೊಂದು ಒತ್ತಿ ಕೂಡುವಂತೆ, ಎರಡು ಉಕ್ಕಿನ ಸಲಾಕೆಗಳನ್ನು ತೂರಿಸಿ ಅವುಗಳ ತುದಿಗಳನ್ನು ತಿರುಪಿನಿಂದ ಹತ್ತಿರ ಎಳೆಯುವ ಒಂದು ಕ್ಲಾಂಪು ಇತ್ತು. ಪುಸ್ತಕದ ಚಿತ್ರ ತೋರಿಸಿ ಸೊಲ್ಲಾಪುರದ ಲೇತಿನಲ್ಲಿ ಮಾಡಿಸಿದ್ದು. ಒಂದೇ ಇತ್ತು. ಅದು ಒಬ್ಬನ ಕಾಲಿನಲ್ಲಿರುವ ತನಕ ಮಿಕ್ಕವರ ಕೀಲುಗಳು ಕಾಯಬೇಕು.

ಇವೆಲ್ಲವನ್ನೂ ಆಳುತ್ತಿದ್ದವರು ಡಾಕ್ಟರ್ ಸಿರಾಜುದ್ದೀನ್. ಹೈದರಾಬಾದಿನಲ್ಲಿ ಕಲಿತವರು, ತೆಳ್ಳಗಿನ, ಗಡಿಬಿಡಿ ಕಾಣದ ಮನುಷ್ಯ. ಕಂಪೌಂಡರ್ ಮಹಾರುದ್ರಪ್ಪನ ಕಾಲು ನೋಡಿ "ಬರ್ರಿ" ಎಂದ. ಬಾಕೆಂಬ ಉದ್ದ ಬೆಂಚಿನ ಮೇಲೆ ಕೂರಿಸಿದ. ಅದೇ ಕೀಲಿನ ಅದೇ ನೋವಿನ ಇನ್ನಿಬ್ಬರು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದರು, ಬರಿಗಾಲಿನವರು. ಮಹಾರುದ್ರಪ್ಪ ಮನಸ್ಸಿನಲ್ಲೇ ಗುಲಾಮ್ ರಸೂಲನಿಗೆ ನಮಸ್ಕಾರ ಹಾಕಿದ.

ಡಾಕ್ಟರು ಕೀಲನ್ನು ಹಿಡಿದು ಅಲುಗಿಸಿ ನೋಡಿದರು. "ಈ ಕೀಲು ಖತಂ ಆಗೇದ. ಒಂದೇ ಇಲಾಜು. ಕೀಲು ಕೆತ್ತಿ ತೆಗೆದು, ಮ್ಯಾಲಿನ ಎಲುಬು ಕೆಳಗಿನ ಎಲುಬು ಒಂದು ಮಾಡಿಬಿಡೋದು. ಆಮ್ಯಾಲ ನೋವು ಇರಂಗಿಲ್ಲ. ಆದ್ರ ಅಲ್ಲಿ ಕಾಲು ಮಣಿಯಂಗಿಲ್ಲ, ಜಿಂದಗಿ ಇರೋ ತನಕಾ. ನಾ ಹ್ಯಾಂಗ ಕೂಡಿಸ್ತೀನೋ ಹಾಂಗ. ಅದಕ್ಕ ಸರಿಯಾಗಿ ಹೇಳ್ರಿ. ದಿನಾ ಏನ್ ಹಾಕ್ಕೊಂಡು ನಡೀತೀರಿ?"

ಸೂಗಮ್ಮ ಗಂಡನ ಮುಖ ನೋಡಿದಳು. ನೆಲದ ಮೇಲಿನ ಇಬ್ಬರೂ ನೋಡಿದರು. ಕ್ಲಾಂಪು ಒಂದೇ ಎಂಬ ಸುದ್ದಿ ಆ ಪಡಸಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಬೂಟ್ರಿ," ಎಂದ ಮಹಾರುದ್ರಪ್ಪ.

"ಮನಿಯಾಗ?"

"ಮನಿಯಾಗೂ ಬೂಟೇ ರಿ."

ಸೂಗಮ್ಮನಿಗೆ ಕೆಮ್ಮು ಬಂತು.

"ಗುಡಿಗೆ ಹೋದಾಗ?" ಎಂದು ಡಾಕ್ಟರು ಬಿಡಲಿಲ್ಲ.

"ಕೊರಳಾಗ ಲಿಂಗ ಅದರಿ ಸಾಹೇಬ್ರ. ಗುಡಿ ಯಾಕ ಬೇಕ್ರಿ?"

ಮಹಾರುದ್ರಪ್ಪ ಅಂದು ಹೇಳಿದ ಮಾತುಗಳಲ್ಲಿ ಶಾಸ್ತ್ರಸಮ್ಮತವಾದದ್ದು ಇದೊಂದೇ. ಡಾಕ್ಟರ ಮುಖ ಅರಳಿತು. ಬರಿಗಾಲಿನವರಿಗೆ ಈ ಶಸ್ತ್ರಕ್ರಿಯೆ ಮಾಡಲು ಅವರು ಹಿಂಜರಿಯುತ್ತಿದ್ದರು: ಮಣಿಯದ ಪಾದಕ್ಕೆ ಕಲ್ಲು ಮುಳ್ಳು ತಾಗಿ ಹುಣ್ಣಾಗುತ್ತದೆ, ರೋಗಿ ತಿರುಗಿ ಬರುವುದಿಲ್ಲ, ಬಂದರೆ ಕೊಳೆತ ಕಾಲಿನೊಂದಿಗೆ ಬರುತ್ತಾನೆ. ಮನೆಯೊಳಗೂ ಬೂಟು ಬಿಡದ ರೈತಾಪಿ ಮನುಷ್ಯನನ್ನು ಆ ತಾಲೂಕಿನಲ್ಲಿ ಅವರು ಕಂಡಿರಲಿಲ್ಲ. "ವಾಹ್! ನೋಡ್ರಿ, ಇವರನ್ನ ನೋಡಿ ಕಲೀರಿ," ಎಂದು ನೆಲದ ಮೇಲಿನವರಿಗೆ ಹೇಳಿದರು. ಬೂಟಿನ ಹಿಮ್ಮಡಿ ಎತ್ತರವಿದ್ದುದರಿಂದ ಪಾದವನ್ನು ಬೆರಳ ಕಡೆಗೆ ತುಸು ಇಳಿಸಿ ಕೂಡಿಸಬೇಕು. ಶಸ್ತ್ರಕ್ರಿಯೆಯ ನಡುವೆ ಎಕ್ಸ್‌ರೇ ನೋಡುವ ಭಾಗ್ಯವಿಲ್ಲದ್ದರಿಂದ ಅವರು ಬೂಟನ್ನು ಮೇಜಿನ ಮೇಲಿಟ್ಟು, ಅದರ ಇಳಿಜಾರಿಗೆ ತಕ್ಕಂತೆ ತಗಡಿನ ಒಂದು ಮಾದರಿಯನ್ನು ಕತ್ತರಿಸಿದರು. ಉಪಕರಣಗಳೊಂದಿಗೆ ಕುದಿಸಲು ಕೊಟ್ಟರು. ಇಷ್ಟು ಎಚ್ಚರಿಕೆಯಿಂದ ಯಾರ ಕಾಲನ್ನೂ ಅವರು ಅಳೆದಿರಲಿಲ್ಲ. ಅಳೆದದ್ದು ಗುಲಾಮ್ ರಸೂಲನ ನೌಕರಿಯನ್ನು.

ನವೆಂಬರ್ ೩೦, ಗುರುವಾರ ಬೆಳಿಗ್ಗೆ, ಪೂರ್ವದ ಕಿಟಕಿಯ ಬಿಸಿಲಿನಲ್ಲಿ, ಈಥರಿನ ಹನಿಗಳ ಕೆಳಗೆ, ಮಹಾರುದ್ರಪ್ಪನ ಬಲಗಾಲಿನ ಕೀಲು ತೆಗೆಯಲ್ಪಟ್ಟಿತು. ತಗಡಿನ ಮಾದರಿಯನ್ನು ಹಿಡಿದು ಪಾದವನ್ನು ಹೊಂದಿಸಿ, ಸಲಾಕೆ ತೂರಿಸಿ, ಕ್ಲಾಂಪಿನ ತಿರುಪು ಬಿಗಿದರು. ಕೆಲಸ ಬಹಳ ಚೆನ್ನಾಗಿ ಆಯಿತು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಮುಂದಿನ ಎಲ್ಲ ತೊಂದರೆಗೂ ಕೆಲಸ ಚೆನ್ನಾಗಿ ಆದದ್ದೇ ಕಾರಣ. ತುಸು ಕೆಟ್ಟಿದ್ದರೆ ಎಲುಬು ಕೂಡುತ್ತಿರಲಿಲ್ಲ, ಪಾದ ತನ್ನಷ್ಟಕ್ಕೆ ಸಮನಾಗುತ್ತಿತ್ತು.

೧೯೬೮ರ ಮಾರ್ಚ್ ೧೪ರಂದು ಪ್ಲಾಸ್ಟರ್ ಒಡೆದರು. ಬೂಟು ಹಾಕಿ ನಡೆಸಿದರು. ಏಳು ವರ್ಷಗಳಲ್ಲಿ ಮೊದಲ ಬಾರಿಗೆ ನೋವಿಲ್ಲದ ಹೆಜ್ಜೆ. ಪಡಸಾಲೆಯ ಈ ತುದಿಯಿಂದ ಆ ತುದಿಗೆ ಮಹಾರುದ್ರಪ್ಪ ಕವಾಯತಿನ ಜವಾನನಂತೆ ನಡೆದ. ಡಾಕ್ಟರು ಕಂಪೌಂಡರನನ್ನು ಕರೆದು ತೋರಿಸಿದರು. ಆ ದಿನ ದೈವವಶಾತ್ ವಿದ್ಯುತ್ತೂ ಫಿಲ್ಮೂ ಒಟ್ಟಿಗೆ ಇದ್ದುದರಿಂದ ಎಕ್ಸ್‌ರೇ ತೆಗೆಸಿಟ್ಟುಕೊಂಡರು. ಮಹಾರುದ್ರಪ್ಪನ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದು ಹೊಸ್ತಿಲಲ್ಲಿ ಬೂಟು ಬಿಚ್ಚಿ ಒಳಗೆ ಕಾಲಿಟ್ಟ. ಎಡಗಾಲು ನೆಲಕ್ಕೆ ಸರಿಯಾಗಿ ಕೂತಿತು. ಬಲಗಾಲು ಬೆರಳ ಮೇಲೆ ನಿಂತಿತು. ಹಿಮ್ಮಡಿ ನೆಲದಿಂದ ಮೇಲೆ ಗಾಳಿಯಲ್ಲಿ ಇತ್ತು. ಒತ್ತಿದ. ಇಳಿಯಲಿಲ್ಲ. ಮೊಣಕಾಲನ್ನು ಹಿಂದಕ್ಕೆ ಸೆಳೆದ. ಹಿಮ್ಮಡಿ ಇಳಿಯಿತು, ಮಹಾರುದ್ರಪ್ಪ ಹಿಂದಕ್ಕೆ ಬಿದ್ದ.

ಸೂಗಮ್ಮ ಎತ್ತಿ ಕೂರಿಸಿ, ಪಾದವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಮನಿಯಾಗೂ ಬೂಟೇ ರಿ ಅಂದಿ. ಈಗ ಹಾಕ್ಕೊ. ಮಕ್ಕೊಳ್ಳೋವಾಗೂ ಹಾಕ್ಕೊ," ಎಂದಳು.

ಗುಲಾಮ್ ರಸೂಲ್ ಬಂದು ನೋಡಿ ಮೀಸೆ ನೀವಿದ. "ಕಾಲ್ ಮಾತ್ರ ಮಸ್ತ್ ಆಗೇದ. ಅಗದೀ ಪರೇಡಿನ ಕಾಲು," ಎಂದ. ಬೂಟನ್ನು ತಿರುಗಿ ಕೇಳಲು ಬಂದವನು ಕೇಳದೆ ಹೋದ.

ಯುಗಾದಿ ಕಳೆದ ಮೇಲೆ, ಏಪ್ರಿಲ್ ೧, ಸೋಮವಾರ, ಮಹಾರುದ್ರಪ್ಪ ಪೇಟೆಗೆ ಹೋದ. ಬೀದಿಯುದ್ದಕ್ಕೂ ಬೂಟಿನಲ್ಲಿ ಅವನ ನಡಿಗೆ ನೋಡಿ ಹಮಾಲರು ಸಿಳ್ಳು ಹೊಡೆದರು. ನಾಗನಾಥ ಸಾವುಕಾರರು ಗಾದಿಯಿಂದ ಅರ್ಧ ಎದ್ದರು.

"ಭಲೇ! ಬಾರಪಾ ಫೌಜ್ದಾರ. ತೊಗರಿ ಬಂದದ, ಹತ್ತು. ಬೂಟ್ ಅಲ್ಲೇ ಬಿಡು."

ಬಿಟ್ಟ. ಕಾಲು ತೊಳೆದ. ರಾಶಿಗೆ ಕೈ ಮುಗಿದು ಎಡಗಾಲು ಇಟ್ಟ, ಬಲಗಾಲು ಇಟ್ಟ. ಹೂತ ಬೆರಳ ಕೆಳಗಿಂದ ತೊಗರಿ ಜಾರಿತು. ಆಧಾರಕ್ಕೆ ತಕ್ಕಡಿಯ ಹಗ್ಗ ಹಿಡಿದ. ತಕ್ಕಡಿ, ತೂಕದ ಕಲ್ಲು, ಚೌಕಟ್ಟು ಸಮೇತ ರಾಶಿಯೊಳಗೆ ಮಗುಚಿದ. ‘ಲಾಭ’ ಎಂಬ ಕೂಗು ಬೀಳುತ್ತಲೇ ಬಾಯಿಂದ ಹೊರಬಿತ್ತು. ಆ ಮಾತು ಅಷ್ಟು ಅಮಂಗಳವಾಗಿ ಕೇಳಿದ್ದು ಪೇಟೆಯಲ್ಲಿ ಅದೇ ಮೊದಲು. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾವುಕಾರರು ನಗಲಿಲ್ಲ.

"ಏನಿದು? ಬೂಟಿನ್ಯಾಗ ಫೌಜ್ದಾರ, ಬರಿಗಾಲ್ನ್ಯಾಗ ಕುಡುಕ?"

"ಆಪರೇಶನ್ ಹಾಂಗ ಆಗೇದ್ರಿ ಅಪ್ಪೋರೆ. ಬೂಟ್ ಹಾಕ್ಕೊಂಡ್ರ…"

"ಕಾಳಿನ ಮ್ಯಾಲ ಚರ್ಮ? ನಾಳಿಂದ ಒಬ್ಬ ರೈತ ಬರ್ತಾನೇನು ನನ್ನ ಅಂಗಡಿಗೆ? ನೋಡು ಮಹಾರುದ್ರಾ, ಬರೋ ಸೋಮವಾರ ನೆಟ್ಟಗ ನಿಂತು ತೂಗಿ ತೋರಸು. ಇಲ್ಲಾಂದ್ರ ದಬ್ಬಣ ತಗೊ, ಬಾಗಿಲದಾಗ ಕೂಡು. ನನ್ನ ಅಳಿಯನ ತಮ್ಮ ಮನಿಯಾಗ ಖಾಲಿ ಕೂತಾನ. ಅವನ ಎರಡೂ ಕಾಲು ನೆಲಕ್ಕ ಹತ್ತತಾವ."

ಆ ವಾರ ಮಹಾರುದ್ರಪ್ಪ ಊಟ ಸರಿಯಾಗಿ ಮಾಡಲಿಲ್ಲ. ಅಂಗಳದಲ್ಲಿ ಮರಳು ಸುರಿದು, ಬರಿಗಾಲಿನಲ್ಲಿ ನಿಲ್ಲುವುದನ್ನು ಕಲಿಯಲು ನೋಡಿದ. ನಿಂತ ಎತ್ತರದಿಂದ ಬೀಳುವುದನ್ನು ಕಲಿತ. ಅವನ ಕಷ್ಟಕ್ಕೆ ಶನಿವಾರ ಸಂಜೆ ಸೂಗಮ್ಮ ಕೊನೆ ಹಾಡಿದಳು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು:

"ಮಠದ ಅಪ್ಪಗೋಳು ಕಾಲಾಗ ಏನ್ ಹಾಕ್ತಾರ?"

"ಹಾವುಗಿ."

"ಕಟ್ಟಿಗಿದು ಹೌದಲ್ಲ? ಹಾಕ್ಕೊಂಡೇ ಪೂಜಾದ ಮನಿ ತನಕಾ ಹೋಗ್ತಾರ, ಯಾರರ ಏನರ ಅಂತಾರೇನು? ಚರ್ಮಕ್ಕ ಮೈಲಿಗಿ. ಕಟ್ಟಿಗಿಗೆ ಎಲ್ಲಿಂದ ಬಂತು?"

ಭಾನುವಾರ ಬಡಿಗನಿಂದ ಬೇವಿನ ಕಟ್ಟಿಗೆಯ ಹಾವುಗೆ ಮಾಡಿಸಿದರು. ಹಿಮ್ಮಡಿಯ ಎತ್ತರ ಬೂಟಿನಷ್ಟೇ, ಬೆರಳಿಗೆ ಗುಬುಟು, ಜಾರದಂತೆ ಬಟ್ಟೆಯ ಕಟ್ಟು. ಒಂದೇ ಹಾವುಗೆ, ಬಲಗಾಲಿಗೆ. ಎಡಗಾಲಿಗೆ ಬೇಡವಾಗಿತ್ತು.

ಏಪ್ರಿಲ್ ೮, ಸೋಮವಾರ. ಸಾವುಕಾರರು ಆ ಕಟ್ಟಿಗೆಯ ತುಂಡನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಆಕ್ಷೇಪ ಹುಡುಕಿದರು, ಸಿಗಲಿಲ್ಲ. ಹಿಂದಿನ ಶ್ರಾವಣದಲ್ಲಿ ಮಠದವರು ಹಾವುಗೆಯಲ್ಲೇ ಅವರ ಅಂಗಡಿಯೊಳಗೆ ಬಂದು ಹೋಗಿದ್ದರು. ಮಹಾರುದ್ರಪ್ಪ ಒಂಟಿ ಹಾವುಗೆ ಕಟ್ಟಿಕೊಂಡು ಜೋಳದ ರಾಶಿ ಹತ್ತಿದ. ನಿಂತ. ‘ಲಾಭ’ ಎಂದು ಕೂಗಿದ ದನಿ ಪೇಟೆಯ ಕೊನೆಯ ಅಂಗಡಿಗೂ ಕೇಳಿಸಿತು. ತನ್ನ ಜಾಗ ತನಗೆ ಉಳಿಯಿತೆಂದು ಅವನು ತಿಳಿದ.

ಆ ಜೋಳ ಮುಡಬಿಯ ಕಸ್ತೂರಿಬಾಯಿಯದು. ಗಂಡನಿಲ್ಲದ ವಯಸ್ಸಾದ ಹೆಂಗಸು. ಯಾರನ್ನೂ ನಂಬದೆ ತನ್ನ ಗಾಡಿಯ ಜೊತೆ ತಾನೇ ಬರುವವಳು. ತೂಕ ಮುಗಿಯುವ ತನಕ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯುವವಳಲ್ಲ. ಅಂದು ಅವಳ ಕಣ್ಣು ಮುಳ್ಳಿನ ಮೇಲೆ ಇರಲಿಲ್ಲ, ಹಾವುಗೆಯ ಮೇಲಿತ್ತು.

"ಯಪ್ಪಾ, ಏನ್ ಹರಕಿ ಇದು?"

"ಹರಕಿ ಗಿರಕಿ ಇಲ್ಲಬೇ. ಆಪರೇಶನ್ ಆಗೇದ."

"ಖರೇ ಹರಕಿ ಹೊತ್ತವರು ಹೀಂಗೇ ಅಂತಾರ," ಎಂದಳು ಕಸ್ತೂರಿಬಾಯಿ. "ಒಂದು ಕಾಲು ಮಠಕ್ಕ ಕೊಟ್ಟು, ಒಂದು ಕಾಲು ಸಂಸಾರದಾಗ ಇಟ್ಟೀದಿ. ನನಗೇನ್ ತಿಳಿಯಂಗಿಲ್ಲೇನು?"

ಹೀಗೆಂದು ಬಾಗಿ, ಆ ಎತ್ತಿದ ಹಿಮ್ಮಡಿಗೆ ಹಣೆ ಹಚ್ಚಿದಳು. ಆ ಹೊತ್ತಿಗೆ ಮಹಾರುದ್ರಪ್ಪನ ಹೆಬ್ಬೆರಳು ತಕ್ಕಡಿಯ ದಂಡಿಯ ಮೇಲೆ ತನ್ನ ಹನ್ನೊಂದು ವರ್ಷದ ಅಭ್ಯಾಸದಂತೆ ಅಕಸ್ಮಾತ್ತಾಗಿ ಕುಳಿತಿತ್ತು. ಕೆಂಡ ಮುಟ್ಟಿದ ಹಾಗೆ ಅದು ತಾನಾಗಿ ಎದ್ದಿತು. ಮತ್ತೆ ಇಳಿಸಲು ನೋಡಿದ; ಹಿಮ್ಮಡಿಯಂತೆ ಅದೂ ಇಳಿಯಲಿಲ್ಲ. ಪುಣ್ಯವನ್ನು ಅವನು ಬಯಸಿರಲಿಲ್ಲ. ಕಾಲಿಗೆ ಒಬ್ಬರು ಹಣೆ ಹಚ್ಚುತ್ತಿರುವಾಗ ಕೈಯಿಂದ ಅವರ ಜೋಳ ತೆಗೆಯುವುದು ಒಂದೇ ದೇಹದಿಂದ ಆಗುವ ಕೆಲಸವಲ್ಲವೆಂದು ಅವನಿಗೆ ಅಂದು ಗೊತ್ತಾಯಿತು, ಅಷ್ಟೆ.

ಕಸ್ತೂರಿಬಾಯಿ ಮುಡಬಿಗೆ ಹೋಗಿ ಸುಮ್ಮನಿರಲಿಲ್ಲ. ಜೋಳವನ್ನು ಮನೆಯಲ್ಲಿ ತೂಗಿ ತಂದಿದ್ದಳು. ಅಂಗಡಿಯಲ್ಲಿ ಅಷ್ಟೇ ತೂಗಿತ್ತು. ಇಂಥ ಪವಾಡ ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ಮುಂದಿನ ಸಂತೆಗೆ ಮುಡಬಿಯ ಗಾಡಿಗಳೆಲ್ಲ ನಾಗನಾಥ ಸಾವುಕಾರರ ಬಾಗಿಲಿಗೆ ನಿಂತವು. ಅದರ ಮುಂದಿನ ಸಂತೆಗೆ ರಾಜೇಶ್ವರದವು. ಮಹಾರುದ್ರಪ್ಪ ಬಂದವರಿಗೆಲ್ಲ ಇದು ಶಸ್ತ್ರಕ್ರಿಯೆಯೆಂದೂ ಈಥರ್ ಕೊಟ್ಟು ಕೊಯ್ದದ್ದೆಂದೂ ಬಿಡಿಸಿ ಹೇಳಿದ. ಅವನ ವಿನಯವನ್ನು ಎಲ್ಲರೂ ಕೊಂಡಾಡಿದರು.

ಸಾವುಕಾರರು ಮೇ ತಿಂಗಳಲ್ಲಿ ಅವನನ್ನು ಒಳಗೆ ಕರೆದರು. "ಏನಲೇ, ತೂಕದಾಗ ಏನೂ ಉಳಿಯಾಕತ್ತಿಲ್ಲ?"

"ಕೈ ಆಗವಲ್ಲದ್ರಿ ಅಪ್ಪೋರೆ. ಮಂದಿ ಕಾಲು ಮುಗೀತಾರ್ರಿ."

"ಕಾಲು ಮುಗಿದ್ರ ಕೈಗೇನ್ ಆತು? ಬ್ಯಾರೆ ಬ್ಯಾರೆ ಅದಾವ!" ಎಂದು ಗದರಿದರು. ಅಷ್ಟರಲ್ಲಿ ಹೊರಗೆ ಇನ್ನೆರಡು ಗಾಡಿಗಳು ಬಂದು ನಿಂತ ಸದ್ದಾಯಿತು. ಸಾವುಕಾರರು ಕಿಟಕಿಯತ್ತ ನೋಡಿದರು, ಅವನ ಕಾಲನ್ನು ನೋಡಿದರು, "ಹೋಗು, ತೂಗು ಹೋಗು," ಎಂದರು. ಮೋಸವಿಲ್ಲದ ವ್ಯಾಪಾರ ಎಷ್ಟು ನಡೆಯುತ್ತದೆಂದು ನೋಡಿ ಅವರಿಗೇ ಒಂದು ಬಗೆಯ ಭಯ ಹುಟ್ಟಿತ್ತು.

ಆದರೆ ಪೂಜೆಗೊಂಡ ಕಾಲನ್ನು ಹೊತ್ತು ಬದುಕುವುದು ಸುಲಭವಲ್ಲ. ಚಹಾದ ಅಂಗಡಿಯಲ್ಲಿ ಮಹಾರುದ್ರಪ್ಪ ಕುಳಿತರೆ ಇಸ್ಪೀಟಿನವರು ಎಲೆ ಮುಚ್ಚುತ್ತಿದ್ದರು. ಬೀಡಿ ಹಚ್ಚಿದರೆ ಹಿರಿಯರು ನೊಂದುಕೊಳ್ಳುತ್ತಿದ್ದರು. ಹಮಾಲರು ಅವನೆದುರು ಬೈಯುವುದನ್ನೇ ನಿಲ್ಲಿಸಿದರು. ಬೈಗುಳವಿಲ್ಲದ ಪೇಟೆ ಅವನಿಗೆ ಉಪ್ಪಿಲ್ಲದ ಬೇಳೆಯಂತಾಯಿತು. ಆಗಸ್ಟ್ ೧೭, ಶನಿವಾರ, ಅವನು ಕಲ್ಯಾಣಕ್ಕೆ ಹೋಗಿ ಡಾಕ್ಟರ ಎದುರು ಬೂಟು ಬಿಚ್ಚಿ, ಅದು ಯಾರದೆಂಬುದನ್ನು ಹೇಳಿದ.

ಡಾಕ್ಟರ್ ಸಿರಾಜುದ್ದೀನ್ ಗೋಡೆಯ ಮೇಲಿದ್ದ ಎಕ್ಸ್‌ರೇ ತೋರಿಸಿದರು. "ಇದನ್ನ ಹೈದರಾಬಾದಿಗೆ ಒಯ್ದು ದೊಡ್ಡ ದೊಡ್ಡ ಡಾಕ್ಟರಿಗೆ ತೋರಿಸಿ ಬಂದೀನಿ. ‘ಇಷ್ಟು ಕರೆಕ್ಟ್ ಹ್ಯಾಂಗ ಮಾಡಿದಿ ಸಿರಾಜ್?’ ಅಂದ್ರು. ನನ್ನ ಜಿಂದಗಿದಾಗ ಇಷ್ಟು ಚಂದ ಯಾರ ಎಲುಬೂ ಕೂಡಿಲ್ಲ. ಕೂಡಿದ್ದು ನೋಡಿದ್ರ, ಒಬ್ಬ ಪೊಲೀಸನ ಬೂಟಿಗೆ!"

"ತಪ್ಪಾತ್ರಿ ಸಾಹೇಬ್ರ."

"ತಪ್ಪು ನನ್ನದೂ ಅದ. ಕಾಲಿನ ಕಡಿ ನೋಡೋದು ಬಿಟ್ಟು ಬೂಟಿನ ಕಡಿ ನೋಡಿದೆ." ಅವರು ಪಾದವನ್ನು ಹಿಡಿದು ನೋಡಿದರು. "ಮುಂದಿನ ಕಡಿಂದ ಬೆಣಿಯಂಥ ತುಂಡು ತೆಗೆದು ನೆಟ್ಟಗ ಮಾಡಬಹುದು. ಆದ್ರ ಕ್ಲಾಂಪು ಈಗ ಇನ್ನೊಬ್ಬನ ಕಾಲಾಗ ಅದ. ದಸರಾ ಮುಗಿದ ಮ್ಯಾಲ ಬರ್ರಿ, ಅಕ್ಟೋಬರ್ ಹತ್ತಕ್ಕ."

ಮಹಾರುದ್ರಪ್ಪ ಆ ತಾರೀಖನ್ನು ಜಪಿಸುತ್ತ ಊರಿಗೆ ಬಂದ. ನೆಟ್ಟಗಿನ ಕಾಲು, ಬರಿಗಾಲು, ಯಾರೂ ಮುಟ್ಟದ ಕಾಲು. ಅಕ್ಟೋಬರ್ ೭, ಸೋಮವಾರ, ಸಾವುಕಾರರ ಎದುರು ನಿಂತು ರಜೆ ಕೇಳಿದ. ಸಾವುಕಾರರು ಕಾರಣ ಕೇಳಿಸಿಕೊಂಡು ಗಾದಿಯಿಂದ ಪೂರ್ತಿ ಎದ್ದರು.

"ನೆಟ್ಟಗ ಮಾಡಸ್ತೀ? ಹುಚ್ಚ ಹಿಡದದೇನು? ನೆಟ್ಟಗಿನ ಕಾಲಿನ ತೋಲಾರ ಪೇಟ್ಯಾಗ ಯಾವ ಓಣ್ಯಾಗ ಬೇಕಂದ್ರ ಸಿಗ್ತಾನ."

"ಏಪ್ರಿಲ್ನ್ಯಾಗ ನೀವೇ ಅಂದ್ರೆಲ್ರಿ, ನೆಟ್ಟಗ ನಿಂತು ತೂಗು ಅಂತ."

"ಅಂದೆ. ಈಗ ಸೊಟ್ಟ ನಿಂತು ತೂಗು ಅನ್ನಾಕತ್ತೀನಿ. ಕಾಲು ನೆಟ್ಟಗ ಮಾಡ್ಕೊಂಡು ಬಂದಿ ಅಂದ್ರ ದಬ್ಬಣ ನಿನ್ನ ದಾರಿ ಕಾಯ್ತದ. ನನ್ನ ಅಳಿಯನ ತಮ್ಮ ಇನ್ನೂ ಖಾಲಿ ಅದಾನ."

ಮಹಾರುದ್ರಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕುಳಿತ. ರಾಶಿ ಬೇಕೆಂದರೆ ಸೊಟ್ಟ ಕಾಲು. ನೆಟ್ಟ ಕಾಲು ಬೇಕೆಂದರೆ ಬಾಗಿಲು. ಎದುರಿಗೆ ಆ ವರ್ಷದ ಉದ್ದಿನ ರಾಶಿ ಕರ್ರಗೆ ಹೊಳೆಯುತ್ತಿತ್ತು. ತೂಗಿಸಲು ಬಂದ ರೈತರು, ತೋಲಾರ ಬರಲೆಂದು ತಕ್ಕಡಿಯನ್ನು ಮುಟ್ಟದೆ ನಿಂತಿದ್ದರು. ಬೇರೆ ಯಾವ ಅಂಗಡಿಯ ಎದುರೂ ಯಾರೂ ಯಾರಿಗಾಗಿಯೂ ಹಾಗೆ ನಿಂತಿರಲಿಲ್ಲ. ಬುತ್ತಿ ತಂದಿದ್ದ ಸೂಗಮ್ಮ ಸಂಗತಿ ಕೇಳಿದಳು.

"ನೀ ಏನಂತಿ?" ಎಂದು ಅವನು ಕೇಳಿದ.

"ನಾ ಏನ್ ಅನ್ನಲಿ? ಹಿಮ್ಮಡಿ ಇಳಿಸ್ಕೊಂಡು ಬಾಗಿಲದಾಗ ಕೂತಿ ಅಂದ್ರ ದಿನಾ ನಿನ್ನ ಮಾರಿ ನಾ ನೋಡಬೇಕು. ಮ್ಯಾಲ ಕೂಗ್ಲಿಕ್ಕಾದ್ರೂ ಹೋಗು. ಕೂಗಿದ ದಿನ ಚಲೋ ಉಣ್ತಿ."

ಅವನು ಎದ್ದು ಹಾವುಗೆ ಕಟ್ಟಿಕೊಂಡ. ಒಳಗೆ ಹೋಗಿ ಸಾವುಕಾರರಿಗೆ ಒಂದೇ ಮಾತು ಹೇಳಿದ: "ಕಾಲು ಸೊಟ್ಟೇ ಇರಲಿ ರಿ. ಆದ್ರ ಇನ್ಮ್ಯಾಗ ತೂಕದಾಗ ಯಾಕ ಉಳೀಲಿಲ್ಲ ಅಂತ ಕೇಳಬ್ಯಾಡ್ರಿ." ಸಾವುಕಾರರು ಹೊರಗಿನ ಗಾಡಿಗಳನ್ನು ಇನ್ನೊಮ್ಮೆ ನೋಡಿ ಒಪ್ಪಿದರು. ಅವರ ವ್ಯಾಪಾರ ಜೀವನದಲ್ಲಿ ಅಷ್ಟು ಬೇಸರದಿಂದ ಲಾಭವನ್ನು ಒಪ್ಪಿಕೊಂಡದ್ದು ಅದೊಂದೇ ಸಲ. ಬರುವುದಿಲ್ಲವೆಂಬ ಸುದ್ದಿಯನ್ನು ಕಲ್ಯಾಣಕ್ಕೆ ಗುಲಾಮ್ ರಸೂಲ್ ಮುಟ್ಟಿಸಿದ. ಡಾಕ್ಟರು ನಿಟ್ಟುಸಿರು ಬಿಟ್ಟರಂತೆ. ತನ್ನ ಅತ್ಯುತ್ತಮ ಕೆಲಸವನ್ನು ತಾನೇ ಕೊಯ್ಯಬೇಕಾಗಲಿಲ್ಲವೆಂಬ ಸಮಾಧಾನ ಅದರಲ್ಲಿತ್ತೆಂದು ಗುಲಾಮ್ ರಸೂಲ್ ಹೇಳಿದ.

ಅಕ್ಟೋಬರ್ ೧೦ರ ಜಾಗವನ್ನು ಡಾಕ್ಟರ್ ಸಿರಾಜುದ್ದೀನ್ ಬರಿಗಾಲಿನ ರೋಗಿಯೊಬ್ಬನಿಗೆ ಕೊಟ್ಟರು. ಪಾದವನ್ನು ಸಮಕ್ಕೆ ಕೂಡಿಸಿದರು. ಅವರು ೧೯೭೧ರ ಜೂನ್ ವರೆಗೆ ಕಲ್ಯಾಣದಲ್ಲಿದ್ದು, ನಂತರ ಹೈದರಾಬಾದಿಗೆ ಮರಳಿದರು. ಕಸ್ತೂರಿಬಾಯಿ ೧೯೭೪ರಲ್ಲಿ ಮುಡಬಿಯಲ್ಲಿ ತೀರಿಕೊಂಡಳು. ೧೯೭೯ನೆಯ ಇಸವಿ ಜುಲೈ ೨, ಸೋಮವಾರ, ನಾಗನಾಥ ಸಾವುಕಾರರ ಅಂಗಡಿಗೆ ನೆಲದ ಮೇಲೆ ಇಡುವ ಕಬ್ಬಿಣದ ತೂಕದ ಯಂತ್ರ ಬಂತು. ಅಂದಿನಿಂದ ರಾಶಿ ಹತ್ತುವ ಅಗತ್ಯ ಉಳಿಯಲಿಲ್ಲ. ಮಹಾರುದ್ರಪ್ಪ ಯಂತ್ರದ ಪಕ್ಕದಲ್ಲಿ ನಿಂತು ೧೯೮೩ರ ಮಾರ್ಚ್ ೩೧ರ ತನಕ ಕೆಲಸ ಮಾಡಿದ. ಬಲಗಾಲಿನಲ್ಲಿ ಅವನಿಗೆ ಮತ್ತೆ ನೋವು ಬರಲಿಲ್ಲ. ೧೯೮೬ರ ಫೆಬ್ರವರಿ ೯, ಭಾನುವಾರ, ಹುಮನಾಬಾದಿನ ತನ್ನ ಮನೆಯಲ್ಲಿ ಜ್ವರದಿಂದ ತೀರಿಕೊಂಡ. ಮರುದಿನ ರಾಜೇಶ್ವರದ ಹೊಲದಲ್ಲಿ ಸಮಾಧಿ ಮಾಡಿದರು. ಪೇಟೆ ಅರ್ಧ ದಿನ ಮುಚ್ಚಿತ್ತು.